ಮೂಲೆ ಹಲಗೆಯ ಕೆಳಗೆ

ಉಪ್ಪಾರಹಳ್ಳಿಯ ಮೆಹತಾಬ್ ಮೇಸ್ತ್ರಿ ಯಾವ ಆಫೀಸಿಗೆ ಹೋದರೂ ಮೊದಲು ನೋಡುವುದು ಮನುಷ್ಯರ ಮುಖವನ್ನಲ್ಲ, ನೆಲವನ್ನು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗೋಡೆಯ ಅಂಚಿನಲ್ಲೇ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಾನೆ. ಪ್ರತಿ ಮೂಲೆಯಲ್ಲೂ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ನೋಡುತ್ತಾನೆ. ಕಂಡವರು, ‘ಎಂಥ ನಿಯತ್ತಿನ ಕೆಲಸಗಾರ!’ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಅಲ್ಲಿಂದ ಎದ್ದು ಓಡಬೇಕು ಅನ್ನಿಸುತ್ತದೆ. ಒಮ್ಮೆ ಮನೆ ದೋಚಿಸಿಕೊಂಡವನು ಬೀಗವನ್ನು ಎರಡೆರಡು ಸಲ ಎಳೆದು ನೋಡುತ್ತಾನಲ್ಲ, ಅದಕ್ಕೆ ಯಾರೂ ನಿಯತ್ತು ಅನ್ನುವುದಿಲ್ಲ.

ಅವನ ಕೆಲಸ ನೆಲದ ಮೇಲೆ ಇನ್ನೊಂದು ನೆಲ ಕಟ್ಟುವುದು. ಈಗಿನ ಆಫೀಸುಗಳಲ್ಲಿ ಕಂಪ್ಯೂಟರಿನ ವೈರುಗಳು ಒಂದೇ ಎರಡೇ? ಅವೆಲ್ಲ ಕಾಲಿಗೆ ತೊಡರದ ಹಾಗೆ ಅಡಗಬೇಕು, ಎ.ಸಿ. ಗಾಳಿಯೂ ಕೆಳಗಿನಿಂದ ಬರಬೇಕು. ಅದಕ್ಕೆ ಸಿಮೆಂಟಿನ ನೆಲದ ಮೇಲೆ ಎರಡೆರಡು ಅಡಿಗೆ ಒಂದರಂತೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡುಗಳನ್ನು ಅಂಟಿಸಿ, ಅವುಗಳ ತಲೆಯ ಮೇಲೆ ಎರಡಡಿ ಚೌಕದ ಹಲಗೆಗಳನ್ನು ಕೂರಿಸುತ್ತಾರೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ; ತಳಕ್ಕೆ ಕಬ್ಬಿಣದ ತಗಡು, ಮೇಲೆ ನುಣ್ಣನೆಯ ಹಾಳೆ. ಫಾಲ್ಸ್ ಫ್ಲೋರ್ ಅನ್ನುತ್ತಾರೆ. ಮೇಲೆ ಓಡಾಡುವ ಸಾಹೇಬರುಗಳಿಗೆ ತಾವು ಟೊಳ್ಳಿನ ಮೇಲೆ ನಡೆಯುತ್ತಿದ್ದೇವೆ ಅನ್ನುವುದೇ ಮರೆತುಹೋಗಿರುತ್ತದೆ. ಕೆಳಗೆ ಏನಿದೆ, ಏನಿಲ್ಲ ಅನ್ನುವುದು ಕಟ್ಟಿದವನಿಗೆ ಮಾತ್ರ ಗೊತ್ತು.

ಮೆಹತಾಬ್ ಹುಟ್ಟಿದ್ದು ಬಡಗಿಯ ಮನೆಯಲ್ಲಿ. ತುಮಕೂರು ಪೇಟೆಯ ಎಷ್ಟೋ ಮನೆಗಳಿಗೆ ಬಾಗಿಲು, ಕಿಟಕಿ ಮಾಡಿಕೊಟ್ಟ ಅವನ ಅಪ್ಪನಿಗೆ ಇದ್ದದ್ದು ಒಂದೇ ಹಟ: ಹಸಿ ಮರ ಮುಟ್ಟಕೂಡದು. ಹಸಿ ಮರ ಇವತ್ತು ಬಿಗಿಯಾಗಿ ಕೂತಂತೆ ಕಾಣುತ್ತದೆ, ಒಣಗಿದ ಮೇಲೆ ಕುಗ್ಗಿ ಸಂದು ಬಿಡುತ್ತದೆ. ಒಂದು ಸಲ ಗಿರಾಕಿಯ ಗೋಡೆಗೆ ಕೂರಿಸಿಯಾಗಿದ್ದ ಕಿಟಕಿಯನ್ನು, ಯಾರೂ ತಕರಾರು ಮಾಡದಿದ್ದರೂ, ಮರ ಸರಿಯಾಗಿ ಒಣಗಿರಲಿಲ್ಲ ಎಂದು ಆ ಮನುಷ್ಯ ತಾನೇ ಕಿತ್ತು ಹೆಗಲ ಮೇಲೆ ಹೊತ್ತು ತಂದಿದ್ದ. ಅಂಥವನ ಮಗ ಮೆಹತಾಬ್. ತೊಂಬತ್ತೈದರಲ್ಲಿ ಮರಗೆಲಸ ಬಿಟ್ಟು ನಾಗೇಶ್ ಎಂಬ ಕಂಟ್ರಾಕ್ಟರನ ಹತ್ತಿರ ಈ ನೆಲದ ಕೆಲಸಕ್ಕೆ ಸೇರಿದ. ಗೋಡೆಯಂಚಿನ ಹಲಗೆಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಕತ್ತರಿಸುವುದಕ್ಕೆ ಬಡಗಿಯ ಕೈಯೇ ಬೇಕು.

ತೊಂಬತ್ತೊಂಬತ್ತರ ಜೂನ್‌ನಲ್ಲಿ ಬಿ.ಎಚ್. ರಸ್ತೆಯ ಹೊಸ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಕೆಲಸ ಸಿಕ್ಕಿತು. ವಿಮೆಯ ಕಾಗದಗಳನ್ನು ಕಂಪ್ಯೂಟರಿಗೆ ಹಾಕಿಕೊಡುವ ಖಾಸಗಿ ಕಂಪನಿ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪೂಜೆ ಅನ್ನುವಾಗ ಎಲ್ಲ ಮುಗಿದು, ಬಾಗಿಲ ಪಕ್ಕದ ಮೂಲೆಯ ಕತ್ತರಿಸಿದ ಹಲಗೆ ಒಂದು ಉಳಿಯಿತು. ಗೋಡೆಯ ಕಡೆಗೆ ಅದಕ್ಕೊಂದು ಸ್ಟ್ಯಾಂಡ್ ಬೇಕು. ಡಬ್ಬ ತಡಕಿದರೆ ಖಾಲಿ. ಅಂಥ ಸಾಮಾನು ತುಮಕೂರಿನ ಯಾವ ಅಂಗಡಿಯಲ್ಲೂ ಸಿಗದು, ಬೆಂಗಳೂರಿನಿಂದಲೇ ಬರಬೇಕು.

“ಇವತ್ತಿಗೆ ಏನಾದ್ರೂ ಕೊಟ್ಟು ನಿಲ್ಸಪ್ಪ. ಮುಂದಿನ ವಾರ ಸ್ಟ್ಯಾಂಡ್ ತರಿಸ್ಕೊಡ್ತೀನಿ, ಆವಾಗ ಬದಲಾಯ್ಸು” ಎಂದ ನಾಗೇಶ್.

ಜನರೇಟರ್ ಶೆಡ್ಡಿಗೆ ಜಾಗ ಬೇಕೆಂದು ಕಾಂಪೌಂಡಿನ ಮಾವಿನ ಮರವನ್ನು ಅದೇ ವಾರ ಕಡಿದಿದ್ದರು. ಕೊಂಬೆಗಳು ಗೇಟಿನ ಹತ್ತಿರ ಬಿದ್ದಿದ್ದವು. ಮೆಹತಾಬ್ ಕೆಳಗಿಳಿದು ಹೋಗಿ ಒಂದು ತುಂಡು ಕೊಯ್ದು, ಅಳತೆಗೆ ಕೆತ್ತಿ, ಹಲಗೆಯ ಕೆಳಗಿಟ್ಟು ಸುತ್ತಿಗೆಯಿಂದ ಬಡಿದು ಬಿಗಿಮಾಡಿದ. ಬಡಿಯುವಾಗ ಮರದಿಂದ ರಸ ಒಸರಿ ಬೆರಳಿಗೆ ಅಂಟಿತು. ಅಪ್ಪ ನೋಡಿದ್ದರೆ ಅದೇ ಸುತ್ತಿಗೆಯಲ್ಲಿ ಬಾರಿಸುತ್ತಿದ್ದ ಎಂದುಕೊಂಡು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ವಾರ ತಾನೆ?

ನಾಗೇಶ್ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಹತ್ತು ದಿನಕ್ಕೆ ಸ್ಟ್ಯಾಂಡ್ ಬಂತು. ಅಷ್ಟರಲ್ಲಿ ಮೆಹತಾಬ್ ಕುಣಿಗಲ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನೆಲ ಹಾಕುತ್ತಿದ್ದ. ಅಲ್ಲಿ ಒಂದು ಸ್ಟ್ಯಾಂಡಿನ ತಿರುಪಿನ ಎಳೆ ಸವೆದುಹೋಗಿ ನಿಲ್ಲುತ್ತಿರಲಿಲ್ಲ. ಕೈಯಲ್ಲೇ ಹೊಸದಿದೆ, ತುಮಕೂರಿಗೆ ಇನ್ನೊಂದು ತರಿಸಿದರಾಯಿತು ಎಂದು ಅದನ್ನು ಅಲ್ಲಿಗೇ ಕೂರಿಸಿಬಿಟ್ಟ. ಆಮೇಲೆ ತರಿಸಲಿಲ್ಲ. ಮರೆತ ಅನ್ನೋಣವೆಂದರೆ ಮರೆತಿರಲಿಲ್ಲ. ನೆನಪಾದಾಗಲೆಲ್ಲ, ಗಟ್ಟಿಯಾಗಿಯೇ ನಿಂತಿದೆಯಲ್ಲ, ನೋಡೋಣ ಎಂದುಕೊಳ್ಳುತ್ತಿದ್ದ.

ಆ ಕಂಪ್ಯೂಟರ್ ರೂಮಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವ ಹಾಗಿರಲಿಲ್ಲ. ಧೂಳು ಬಿದ್ದರೆ ಯಂತ್ರ ಕೆಡುತ್ತದೆ ಎಂದು ಮ್ಯಾನೇಜರ್ ಪರಮಶಿವಯ್ಯನವರ ಕಟ್ಟಪ್ಪಣೆ. ಅವರೂ ಸೇರಿ ಎಲ್ಲರೂ ಬಾಗಿಲಲ್ಲಿ ಚಪ್ಪಲಿ, ಬೂಟು ಕಳಚಿಯೇ ಒಳಗೆ ಹೋಗುತ್ತಿದ್ದರು. ಪೂಜೆಯ ದಿನ ಅವರೇ ಆ ಬಾಗಿಲ ಪಕ್ಕದ ಮೂಲೆಯಲ್ಲಿ ಲಕ್ಷ್ಮಿಯ ಪಟ ಹಾಕಿಸಿದ್ದರು. ಚಪ್ಪಲಿ ಬಿಟ್ಟು ಹೋಗುವ ಜಾಗ, ಒಳಗೆ ತಣ್ಣಗಿದೆ, ಪಟವೂ ಇದೆ. ಗುಡಿಸುವ ಹನುಮಂತಮ್ಮನಿಗೆ ಅದು ದೇವರ ಮನೆಯೇ ಆಯಿತು. ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ, ಐವತ್ತರ ಹತ್ತಿರದ ವಿಧವೆ. ಒಳಗೆ ಕಾಲಿಡುವ ಮುಂಚೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಶುಕ್ರವಾರ ಬಂತೆಂದರೆ ಪಟದ ಕೆಳಗೆ ಚೆಂಬಿನಿಂದ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ, ಪುಟ್ಟದೊಂದು ರಂಗೋಲಿ ಎಳೆಯುತ್ತಿದ್ದಳು. ನೆಲಕ್ಕೆ ನೀರು ತಾಗಿಸದೆ ಶುಕ್ರವಾರ ಮಾಡುವುದು ಹೇಗೆ ಅನ್ನುವುದೇ ಆಕೆಗೆ ತಿಳಿಯದು. ಪರಮಶಿವಯ್ಯನವರು ಕಂಡೂ ಕಾಣದ ಹಾಗಿದ್ದರು.

ಎರಡು ಸಾವಿರದ ಜನವರಿಯಲ್ಲಿ ಮೆಹತಾಬ್ ಹೊಸ ವೈರು ಎಳೆಯಲು ಅಲ್ಲಿಗೆ ಹೋದ. ಹನುಮಂತಮ್ಮ ಪೊರಕೆ ಹಿಡಿದು ಹತ್ತಿರ ಬಂದಳು.

“ಸಾಬ್ರೇ, ಈ ಮೂಲೆ ಹಲಗೆ ಒಸಿ ಕುಣೀತೈತೆ, ನೋಡಿ. ಮಗಳ ಬಾಣಂತನಕ್ಕೆ ಅಂತ ಒಂದ್ ತಿಂಗ್ಳು ಸಿ.ಎಸ್. ಪುರಕ್ಕೆ ಹೋಗಿದ್ನಾ, ಬಂದು ಕಾಲಿಟ್ರೆ ಟಕ್ ಟಕ್ ಅಂತಿತ್ತು. ಈಗ ಎರಡು ವಾರದಿಂದ ವಾಸಿ. ಆದ್ರೂ ಒಂದ್ಸಲ ಎತ್ತಿ ನೋಡ್ಬಿಡಿ.”

ಎತ್ತಿ ನೋಡುವುದಕ್ಕೆ ಎರಡು ನಿಮಿಷ ಸಾಕು, ಹಲಗೆಗೆ ಅಂಟಿಸಿ ಎತ್ತುವ ರಬ್ಬರ್ ಬಟ್ಟಲಿನ ಹಿಡಿ ಮೆಹತಾಬನ ಕೈಯಲ್ಲೇ ಇತ್ತು. ಆದರೆ ಪರಮಶಿವಯ್ಯನವರು ಪಕ್ಕದಲ್ಲೇ ನಿಂತಿದ್ದರು. ಹಲಗೆ ಎತ್ತಿದರೆ ಕೆಳಗಿನ ಮಾವಿನ ತುಂಡು ಅವರ ಕಣ್ಣಿಗೆ ಬೀಳುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಸೌದೆ ತುಂಡು ಇಟ್ಟೆಯಾ ಎಂದು ಕೇಳುತ್ತಾರೆ. ನಾಲಿಗೆ ತಾನಾಗಿಯೇ ಹೊರಳಿತು.

“ನೀರು ಹಾಕ್ತೀಯಲ್ಲಮ್ಮ, ಅದಕ್ಕೇ ಹಂಗಾಗೋದು. ಈ ಹಲಗೆ ಒಳಗಿರೋದು ಮರದ ಪುಡಿ. ನೀರು ತಾಗಿದ್ರೆ ಕೆಟ್ಟೋಗುತ್ತೆ. ಇನ್ಮೇಲೆ ಒಂದು ಹನೀನೂ ಹಾಕ್ಬೇಡ.”

ಪರಮಶಿವಯ್ಯನವರು ಅಲ್ಲೇ ನಿಂತು ಆಕೆಗೆ ಬೈದರು. ಹನುಮಂತಮ್ಮ ತಲೆ ತಗ್ಗಿಸಿ, “ತಪ್ಪಾಯ್ತು ಸಾರ್, ನಂಗೆ ಗೊತ್ತಾಗ್ಲಿಲ್ಲ” ಎಂದಳು. ಅವತ್ತಿನಿಂದ ಆ ಮೂಲೆಗೆ ನೀರಿನ ಚೆಂಬು ಹೋಗಲಿಲ್ಲ. ಮುಂದಿನ ವಾರ ಯಾರೂ ಇಲ್ಲದಾಗ ಬಂದು ಕೆಳಗೊಂದು ಸ್ಟ್ಯಾಂಡ್ ಕೊಟ್ಟುಹೋಗುತ್ತೇನೆ ಎಂದು ಮೆಹತಾಬ್ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡ. ಮುಂದಿನ ವಾರ ಬೆಂಗಳೂರಿನಲ್ಲಿ ದೊಡ್ಡ ಕೆಲಸ ಬಂತು.

ಮಾರ್ಚ್ ಕೊನೆಗೆ, ಬಿಸಿಲು ಕಾದಿದ್ದಾಗ, ಆಫೀಸಿನ ಅಟೆಂಡರ್, ಗುಬ್ಬಿಯವನೇ ಆದ ಯಲ್ಲಯ್ಯ ಯು.ಪಿ.ಎಸ್.ಗೆ ಹಾಕುವ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು, ನಿಯಮದಂತೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮೂಲೆಯ ಹಲಗೆ ಒಂದೇ ಸಲಕ್ಕೆ ಮಗುಚಿಕೊಂಡಿತು. ಎಡಗಾಲು ಮಂಡಿಯವರೆಗೆ ಸಂದಿಗಿಳಿಯಿತು. ಮಗುಚಿದ ಹಲಗೆಯ ತಗಡು ಬರಿ ಹಿಮ್ಮಡಿಯ ಮೇಲಿನ ನರವನ್ನು ಕತ್ತರಿಸಿಹಾಕಿತು. ಬ್ಯಾಟರಿ ಮಂಡಿಯ ಮೇಲೆ ಬಿತ್ತು. ಎರಡು ಆಪರೇಷನ್ ಆದರೂ ಆ ಕಾಲು ನೆಟ್ಟಗಾಗಲಿಲ್ಲ. ಯಲ್ಲಯ್ಯನಿಗೆ ಆಗಿನ್ನೂ ಮೂವತ್ತಾರು.

ಮಾರನೆಯ ಬೆಳಿಗ್ಗೆ ಮೆಹತಾಬನನ್ನು ಕರೆಸಿದರು. ನೆಲದ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅವನು ಮಂಡಿಯೂರಿ ಸಂದಿಯೊಳಗೆ ಕೈ ಹಾಕಿದ. ಮಾವಿನ ತುಂಡು ಮಗ್ಗುಲಾಗಿ ಬಿದ್ದಿತ್ತು. ಕೈಗೆತ್ತಿಕೊಂಡರೆ ಬೆಂಡಿನಷ್ಟು ಹಗುರ, ಉದ್ದಕ್ಕೂ ಸೀಳು. ಅದರ ಒಂದು ಮಗ್ಗುಲಲ್ಲಿ, ಮೇಲಿನಿಂದ ಕೆಳಕ್ಕೆ, ನೀರು ಇಳಿದ ಹಳೆಯ ಕಲೆಗಳು ಗೆರೆಗೆರೆಯಾಗಿದ್ದವು. ಬಡಗಿಯ ಮಗನಿಗೆ ಅದನ್ನು ಓದಲು ಕನ್ನಡಕ ಬೇಕಿರಲಿಲ್ಲ. ಬೆನ್ನ ಹಿಂದೆ ನಿಂತವರಿಗೆ ಕಾಣದಂತೆ ತುಂಡನ್ನು ಸಾಮಾನಿನ ಚೀಲಕ್ಕೆ ಇಳಿಬಿಟ್ಟ.

ಬಾಗಿಲಲ್ಲಿ ಹನುಮಂತಮ್ಮ ಅಳುತ್ತಿದ್ದಳು. ಯಾರೂ ಆಕೆಯನ್ನು ಇನ್ನೂ ಏನೂ ಕೇಳಿರಲಿಲ್ಲ.

“ನಾನೇ ಸಾರ್. ನಂದೇ ತಪ್ಪು. ಸಾಬ್ರು ಹೇಳೋಕ್ ಮುಂಚೆ ಆರ್ ತಿಂಗ್ಳು ಆ ಮೂಲೆಗೆ ನೀರು ಹಾಕಿದೀನಿ. ಆವಾಗ್ಲೇ ಒಳಗೊಳಗೇ ಕೊಳೆತೋಗೈತೆ. ಪಾಪಿ ನಾನು, ಚಿಕ್ಕ ವಯಸ್ಸಿನವನ ಕಾಲು ತೆಗೆದ್ನಲ್ಲ.”

ಪರಮಶಿವಯ್ಯನವರು ಮೆಹತಾಬನ ಕಡೆ ತಿರುಗಿದರು. “ಏನಯ್ಯಾ, ನೀರಿಂದ್ಲೇ ತಾನೆ?”

“ನೀರು ಬಿದ್ರೆ ಹಲಗೆ ಉಬ್ಬುತ್ತೆ ಸಾರ್” ಎಂದ ಮೆಹತಾಬ್.

ಅದು ಸುಳ್ಳಲ್ಲ. ನೀರು ಬಿದ್ದರೆ ಅಂಥ ಹಲಗೆ ಉಬ್ಬುವುದು ನಿಜ. ಈ ಹಲಗೆ ಉಬ್ಬಿರಲಿಲ್ಲ ಅನ್ನುವುದನ್ನು ಮಾತ್ರ ಅವನು ಹೇಳಲಿಲ್ಲ. ಹನುಮಂತಮ್ಮನನ್ನು ಅವತ್ತೇ ಕೆಲಸದಿಂದ ತೆಗೆದರು. ಹೋಗುವಾಗ ಆಕೆ ಮೆಹತಾಬನ ಹತ್ತಿರ ಬಂದು, “ನೀವು ಹೇಳಿದ್ರಿ ಸಾಬ್ರೇ, ನಾನೇ ತಡವಾಗಿ ಕೇಳಿದ್ದು” ಎಂದು ಕೈ ಮುಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮುಗಿದ ಕೈ ಅವನನ್ನು ಏಳೂವರೆ ವರ್ಷ ಬಿಡಲಿಲ್ಲ.

ಲೋಕದ ಕಣ್ಣಿಗೆ ಅವು ಅವನ ಒಳ್ಳೆಯ ವರ್ಷಗಳು. ಬೆಂಗಳೂರಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಎಲ್ಲದಕ್ಕೂ ಎರಡನೆಯ ನೆಲ ಬೇಕಿತ್ತು. ಮೆಹತಾಬ್ ಮೇಸ್ತ್ರಿಯಾದ, ಕೈಕೆಳಗೆ ಎಂಟು ಜನ ಬಂದರು. ಅವನ ಕೆಲಸದಲ್ಲಿ ಮರದ ಚಕ್ಕೆಯೂ ಬಳಕೆಯಾಗುವಂತಿರಲಿಲ್ಲ. ಯಾರಾದರೂ ಒಂದು ತುಂಡು ಕೊಟ್ಟು ನಿಲ್ಲಿಸಿದರೆ ಕೆಂಡಾಮಂಡಲವಾಗುತ್ತಿದ್ದ. ಸ್ಟ್ಯಾಂಡ್ ಬರುವವರೆಗೆ ಕೆಲಸವನ್ನೇ ನಿಲ್ಲಿಸಿ ಕೂರುತ್ತಿದ್ದ. ಆ ತುಂಡನ್ನು ಮಾತ್ರ ಎಸೆಯಲಿಲ್ಲ. ಉಪ್ಪಾರಹಳ್ಳಿಯ ಮನೆಯ ಅಟ್ಟದಲ್ಲಿ, ಅಪ್ಪನ ಸಾಮಾನಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಮೂರು ಸಲ ಅದನ್ನು ಹಿಡಿದು ಗುಬ್ಬಿಯವರೆಗೆ ಹೋದದ್ದೂ ಉಂಟು. ಮೂರೂ ಸಲ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ವಾಪಸು ಬಂದ. ಎರಡು ಸಾವಿರದ ನಾಲ್ಕರಲ್ಲಿ ಆ ಕಂಪನಿಯೇ ಮುಚ್ಚಿತು. ನೆಲ ಕೀಳುವ ಕೆಲಸವೂ ಅವನಿಗೇ ಬಂತು. ಮೂಲೆಯ ಹಲಗೆ ಕೀಳುವಾಗ ಬೇರೆಯವರನ್ನು ಕಳಿಸಿ ತಾನು ಕೆಳಗೆ ಗೇಟಿನ ಹತ್ತಿರ ನಿಂತಿದ್ದ.

ಎರಡು ಸಾವಿರದ ಏಳರ ನವೆಂಬರ್‌ನಲ್ಲಿ ಅವನ ಅಣ್ಣ ಏಜಾಜ್ ಅಹಮದ್ ಹಜ್ ಯಾತ್ರೆಗೆ ಹೊರಟ. ಹೊರಡುವವರು ಬಂಧುಗಳ, ನೆರೆಹೊರೆಯವರ ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಮನ್ನಿಸಿ ಎಂದು ಕೇಳಿಕೊಂಡು ಬರುವುದು ರೂಢಿ. ಬಹಳ ಜನ ಅದನ್ನು ಮದುವೆಯ ಕರೆಯೋಲೆ ಹಂಚಿದ ಹಾಗೆ ಮುಗಿಸುತ್ತಾರೆ. ಏಜಾಜ್ ಹಾಗೆ ಮಾಡಲಿಲ್ಲ. ತಮ್ಮನ ಮನೆಯಲ್ಲಿ ಊಟಕ್ಕೆ ಕೂತವನು ತಟ್ಟೆ ಮುಟ್ಟದೆ, ಮನೆಮಾತಾದ ಉರ್ದುವಿನಲ್ಲಿ ಹೇಳಿದ:

“ಅಬ್ಬಾನ ದೊಡ್ಡ ಉಳಿ ಮುರಿದಿತ್ತಲ್ಲ, ನಿನಗೆ ಬೆಲ್ಟಿನಲ್ಲಿ ಹೊಡೆದಿದ್ದರಲ್ಲ. ಅದನ್ನು ಮುರಿದದ್ದು ನಾನು. ನೀನು ಹೊಡೆತ ತಿನ್ನುವಾಗ ಬಾಗಿಲ ಹಿಂದೆ ನಿಂತು ನೋಡ್ತಿದ್ದೆ. ಮಾಫ್ ಮಾಡು ಮೆಹತಾಬ್.”

ಮೆಹತಾಬನಿಗೆ ಆಗ ಹನ್ನೆರಡು ವರ್ಷ. ತಾನಲ್ಲ, ತಾನಲ್ಲ ಎಂದು ಎಷ್ಟು ಕೂಗಿದರೂ ಅಪ್ಪ ನಂಬಿರಲಿಲ್ಲ. ಇಷ್ಟು ವರ್ಷದ ಮೇಲೆ ಆ ಮಾತು ಕೇಳಿದ್ದೇ ತಡ, ಎದೆಯ ಮೇಲಿನ ಯಾವುದೋ ಕಲ್ಲು ಇಳಿದಂತಾಗಿ ಅವನಿಗೆ ಅಳುವೇ ಬಂತು. ಅಣ್ಣನನ್ನು ತಬ್ಬಿಕೊಂಡ. ಅಣ್ಣ ಹೋದ ಮೇಲೆ ಅಟ್ಟ ಹತ್ತಿ ಅಪ್ಪನ ಪೆಟ್ಟಿಗೆಯಿಂದ ಆ ತುಂಡನ್ನು ತೆಗೆದ. ಒಂದು ಉಳಿಯ ಮಾತಿಗೇ ತನಗೆ ಹೀಗಾದರೆ, ಒಬ್ಬನ ಕಾಲು ತೆಗೆದೆ ಎಂದು ನಂಬಿಕೊಂಡು ಬದುಕುತ್ತಿರುವ ಆ ಹೆಂಗಸಿಗೆ? ಆಕೆ ತನ್ನದಲ್ಲದ ಪಾಪ ಹೊತ್ತು ಸತ್ತುಹೋದರೆ?

ಹೆಂಡತಿ ಆಸ್ಮಾಗೆ ಅವತ್ತು ಎಲ್ಲ ಹೇಳಿದ. ಎಲ್ಲ ಅಂದರೆ, ಹಸಿ ಮರ ಇಟ್ಟದ್ದು, ತಪ್ಪನ್ನು ನೀರಿನ ಮೇಲೆ ಹಾಕಿದ್ದು. ತುಂಡಿನ ಮೇಲಿನ ನೀರಿನ ಕಲೆಗಳ ವಿಷಯ ಅವಳಿಗೂ ಹೇಳಲಿಲ್ಲ.

ಆಸ್ಮಾ, “ನನಗೆ ಹೇಳಿದರೆ ಅವಳಿಗೆ ಗೊತ್ತಾಗುತ್ತಾ?” ಎಂದಳು.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಎಂಟು ಗಂಟೆಗೆಲ್ಲ ಅವನು ಗುಬ್ಬಿಯಲ್ಲಿದ್ದ. ಈ ಸಲ ಟೀ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ವಿಚಾರಿಸಿಕೊಂಡು ಹೋದರೆ ಹನುಮಂತಮ್ಮನ ಮನೆಗೆ ಬೀಗ. ಪಕ್ಕದ ಮನೆಯ ಚೆನ್ನಮ್ಮ ಪಾತ್ರೆ ತೊಳೆಯುತ್ತಿದ್ದಳು.

“ಶುಕ್ರವಾರ ಅಲ್ವಾ? ಯಲ್ಲಯ್ಯನ ಮನೆಗೆ ಹೋಗವ್ಳೆ. ಅವನ ಹೆಂಡ್ರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗೋದು. ವಾರ ವಾರ ಹೋಗಿ ಕಸ ಗುಡಿಸಿ, ಮುದ್ದೆ ತಿರುವಿಟ್ಟು ಬರ್ತಾಳೆ. ಏನೋ ಹರಕೆ ಅಂತೆ. ಏಳು ವರ್ಷ ಆಯ್ತು, ಒಂದ್ ವಾರ ತಪ್ಸಿಲ್ಲ.”

ಮೆಹತಾಬ್ ಅಲ್ಲಿಗೆ ದಾರಿ ಕೇಳಿಕೊಂಡು ನಡೆದ.

ಯಲ್ಲಯ್ಯನ ಮನೆ ಊರ ಅಂಚಿನಲ್ಲಿ, ಮುಂದೆ ಮಣ್ಣಿನ ಅಂಗಳ. ಜಗಲಿಯ ಮೇಲೆ ಅವನು ಕಾಲು ಚಾಚಿ ಕೂತು ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಆ ಎಡಗಾಲು ಬಡಕಲಾಗಿ ಒಳಕ್ಕೆ ತಿರುಗಿತ್ತು. ಅಂಗಳದಲ್ಲಿ ಹನುಮಂತಮ್ಮ ಬಗ್ಗಿ ರಂಗೋಲಿ ಎಳೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೆಹತಾಬ್ ಮೊದಲು ನೋಡಿದ್ದು ನೆಲವನ್ನು. ಬೆಳಗಿನ ಹೊತ್ತು ಯಾವ ಮನೆಯ ಮುಂದಾದರೂ ನೀರು ಚಿಮುಕಿಸಿದ ಮೇಲೆಯೇ ರಂಗೋಲಿ. ಇಲ್ಲಿ ನೆಲ ಒಣಗಿತ್ತು. ಆಕೆ ಒಣ ಮಣ್ಣಿನ ಮೇಲೆ ಪುಡಿ ಬಿಡುತ್ತಿದ್ದಳು, ಗಾಳಿಗೆ ಗೆರೆಗಳು ಕೆಡುತ್ತಿದ್ದವು, ಮತ್ತೆ ಬಿಡುತ್ತಿದ್ದಳು.

“ಅಯ್ಯೋ, ನೆಲದ ಸಾಬ್ರು!” ಹನುಮಂತಮ್ಮ ಸೊಂಟ ಹಿಡಿದು ಎದ್ದಳು. “ಯಲ್ಲಯ್ಯ, ಯಾರು ಬಂದವ್ರೆ ನೋಡಪ್ಪ. ಚೆನ್ನಾಗಿದೀರಾ ಸಾಬ್ರೇ? ಕೂತ್ಕಳಿ, ಕಾಫಿ ಕಾಯಿಸ್ತೀನಿ.”

“ಬೇಡಮ್ಮ. ಮೊದ್ಲು ಇದನ್ನ ನೋಡು.”

ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿ, ತುಂಡನ್ನು ಜಗಲಿಯ ಮೇಲಿಟ್ಟ. ನಿಂತುಕೊಂಡೇ ಹೇಳಿದ. ಸ್ಟ್ಯಾಂಡ್ ಕಮ್ಮಿ ಬಿದ್ದದ್ದು, ಹಸಿ ಮಾವು ಕೊಯ್ದು ಇಟ್ಟದ್ದು, ಬಂದ ಸ್ಟ್ಯಾಂಡನ್ನು ಕುಣಿಗಲ್‌ನಲ್ಲಿ ಬಳಸಿದ್ದು, ಆಕೆ ಎತ್ತಿ ನೋಡಿ ಎಂದಾಗ ಮ್ಯಾನೇಜರಿಗೆ ಹೆದರಿ ತಪ್ಪನ್ನು ನೀರಿನ ಮೇಲೆ ಹಾಕಿದ್ದು. “ಹಲಗೆಗೆ ಏನೂ ಆಗಿರ್ಲಿಲ್ಲ ಹನುಮಂತಮ್ಮ. ಈ ತುಂಡು ಒಣಗಿ ಕುಗ್ಗಿ ಉರುಳ್ಕೊಂಡಿತು. ತಪ್ಪು ನಂದು. ನಿನ್ನ ನೀರಿಂದಲ್ಲ. ನನ್ನ ಮಾಫ್ ಮಾಡಿಬಿಡು.” ಇಷ್ಟು ಹೇಳಿ ನಿಲ್ಲಿಸಿದ. ಇಷ್ಟಕ್ಕೇ ನಿಲ್ಲಿಸಬೇಕು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದ.

ಮೊದಲು ಬಾಯಿ ಬಿಟ್ಟವನು ಯಲ್ಲಯ್ಯ. ಕೈಯಲ್ಲಿದ್ದ ಟ್ಯೂಬು ಪಕ್ಕಕ್ಕಿಟ್ಟ.

“ನನ್ ಕಾಲು ಹೋಯ್ತು, ಹೋಗ್ಲಿ. ಆಸ್ಪತ್ರೆಯಿಂದ ಬಂದ ಮೇಲೆ ಎರಡು ವರ್ಷ ನಾನು ಈಯಕ್ಕನ್ನ ಬಾಯಿಗೆ ಬಂದಂಗೆ ಬೈದಿದೀನಿ ಕಣಯ್ಯ. ಗುಡಿಸೋಕೆ ಬಂದ್ರೆ ಮುಖಕ್ಕೆ ಉಗಿದಿದೀನಿ. ಒರೆಸ್ಕೊಂಡು ಗುಡಿಸ್ತಿದ್ಲು. ಆ ಉಗುಳು ಯಾರಿಗೆ ಸೇರ್ಬೇಕಿತ್ತು, ಹೇಳು?”

ಮೆಹತಾಬ್ ತಲೆ ಎತ್ತಲಿಲ್ಲ. “ನನಗೆ” ಎಂದ.

ಹನುಮಂತಮ್ಮ ಅದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು. ಸೀಳಿನ ಮೇಲೆ ಬೆರಳಾಡಿಸಿದಳು. ಮಗ್ಗುಲಿನ ಕಲೆಗಳ ಹತ್ತಿರ ಬೆರಳು ನಿಂತಿತು.

“ಇದೇನು, ನೀರಿಳಿದಿರೋದಾ?”

“ಹೂಂ.”

“ನಾನು ಹಾಕಿದ್ದಾ?”

“ಹೂಂ. ಗೋಡೆ ಸಂದೀಲಿ ಇಳೀತಿತ್ತು.”

ಆಕೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಆಮೇಲೆ ನಿಧಾನವಾಗಿ ಹೇಳಿದಳು.

“ಗುದ್ದಲಿ ಕಾವು ಒಣಗಿ ಸಡ್ಲ ಆದ್ರೆ ನಾವು ತೊಟ್ಟೀಲಿ ನೆನೆ ಹಾಕ್ತೀವಿ. ನೀರು ಕುಡಿದು ಬಿಗಿಯಾಗ್ತೈತೆ. ನಾನು ಬಾಣಂತನಕ್ಕೆ ಹೋದಾಗ ಒಂದ್ ತಿಂಗ್ಳು ನೀರಿರ್ಲಿಲ್ಲ, ಆವಾಗ ಹಲಗೆ ಟಕ್ ಅಂತು. ಬಂದು ಎರಡು ಶುಕ್ರವಾರ ನೀರು ಹಾಕಿದ್ಮೇಲೆ ವಾಸಿಯಾಯ್ತು. ಆಮೇಲೆ ನೀನು ನೀರು ಹಾಕ್ಬೇಡ ಅಂದೆ.”

ಇದುವರೆಗೆ ಸಾಬ್ರೇ, ನೀವು ಎನ್ನುತ್ತಿದ್ದವಳ ಬಾಯಲ್ಲಿ ಈಗ ನೀನು ಬಂದಿತ್ತು.

“ಹೇಳು. ನನ್ ನೀರೇ ಅದನ್ನ ಹಿಡ್ಕೊಂಡಿತ್ತಾ?”

ಯಲ್ಲಯ್ಯನೂ ಅವನ ಮುಖವನ್ನೇ ನೋಡುತ್ತಿದ್ದ. ಇಲ್ಲ ಎಂದುಬಿಟ್ಟರೆ ಯಾರೂ ಅದನ್ನು ಒರೆಗೆ ಹಚ್ಚುವವರಿಲ್ಲ. ಆಫೀಸಿಲ್ಲ, ಆ ನೆಲವೂ ಇಲ್ಲ. ಹಿಂದಿನ ದಿನ ಹೆಂಡತಿಗೆ ಹೇಳುವಾಗಲೂ ಮುಚ್ಚಿಟ್ಟದ್ದು ಇದೊಂದನ್ನೇ. ತನ್ನ ಸುಳ್ಳು ಆಕೆಯ ಮೇಲೆ ತಪ್ಪು ಹೊರಿಸಿತ್ತು, ಅಷ್ಟೇ ಅಲ್ಲ. ಆ ಹಲಗೆ ಬೀಳುವ ಹಾಗೆ ಮಾಡಿದ್ದೂ ಆ ಸುಳ್ಳೇ.

“ಹೌದಮ್ಮ” ಎಂದ. “ನಾನು ನಿಲ್ಸು ಅನ್ನದಿದ್ರೆ ಅದು ಇನ್ನೂ ಎಷ್ಟೋ ದಿನ ನಿಂತಿರ್ತಿತ್ತು. ತುಂಡು ಕೈಗೆ ಬಂದ ದಿನವೇ ನಂಗೆ ಗೊತ್ತಾಯ್ತು.”

ಹನುಮಂತಮ್ಮ ಜಗಲಿಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ. “ಏಳು ವರ್ಷ ಕಣಪ್ಪ” ಎಂದಳು, ಯಾರಿಗೆ ಹೇಳಿದಳೋ ತಿಳಿಯದು. “ನನ್ ಮನೆ ಮುಂದೂ ನೀರು ಹಾಕಿಲ್ಲ. ಚೆಂಬು ಹಿಡಿಯೋಕೇ ಹೆದರ್ತಿದ್ದೆ. ಮನೆ ಮುಂದೆ ನೀರು ಹಾಕ್ದೆ ಇರೋಳು ಎಂಥಾ ಹೆಂಗ್ಸು ಅಂತ ಬೀದಿಯೋರೆಲ್ಲ ಆಡ್ಕೊಂಡ್ರು.”

ಮೆಹತಾಬ್ ಮತ್ತೆ ಕ್ಷಮೆಯ ಮಾತೆತ್ತಲು ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದಳು.

“ಆ ಮಾತು ಬುಡು. ನಂಗೆ ಈಗ ಅದು ಬರಲ್ಲ. ಮುಂದೆ ಬಂದ್ರೆ ಹೇಳ್ತೀನಿ.”

ಎದ್ದು ಹಿತ್ತಿಲಿಗೆ ಹೋದಳು. ನೀರು ತೋಡುವ ಸದ್ದು ಕೇಳಿಸಿತು. ತುಂಬಿದ ಬಕೆಟನ್ನು ಎರಡೂ ಕೈಯಲ್ಲಿ ತಂದು ಮೆಹತಾಬನ ಕಾಲ ಹತ್ತಿರ ಇಟ್ಟಳು. ಒಣ ಮಣ್ಣಿನ ಮೇಲಿದ್ದ ರಂಗೋಲಿಯನ್ನು ಪೊರಕೆಯಿಂದ ತಾನೇ ಗುಡಿಸಿಹಾಕಿದಳು.

“ಹಾಕು” ಎಂದಳು.

ಮೆಹತಾಬ್ ಚಪ್ಪಲಿ ಬಿಟ್ಟ. ಪ್ಯಾಂಟು ಮಡಚಿಕೊಂಡು, ಬೊಗಸೆಯಲ್ಲಿ ನೀರು ತೆಗೆದು ಅಂಗಳಕ್ಕೆ ಚಿಮುಕಿಸತೊಡಗಿದ. ಅಭ್ಯಾಸವಿಲ್ಲದ ಕೈ, ಒಂದು ಕಡೆ ಕೆಸರಾದರೆ ಇನ್ನೊಂದು ಕಡೆ ಹನಿಯೂ ಬೀಳಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಯಲ್ಲಯ್ಯ ಮುಖ ಆ ಕಡೆ ತಿರುಗಿಸಿಕೊಂಡು ಕೂತ. ಬಕೆಟ್ ಖಾಲಿಯಾದಾಗ ಮೆಹತಾಬ್ ಬೆನ್ನು ನೆಟ್ಟಗೆ ಮಾಡಿ, ಆಯಿತೇ ಅನ್ನುವ ಹಾಗೆ ಆಕೆಯ ಕಡೆ ನೋಡಿದ.

ಹನುಮಂತಮ್ಮ ಅಂಗಳವನ್ನೆಲ್ಲ ಒಂದು ಸಲ ಕಣ್ಣಲ್ಲೇ ಅಳೆದು, ಬಾಗಿಲ ಪಕ್ಕಕ್ಕೆ ಕೈ ತೋರಿಸಿದಳು.

“ಆ ಮೂಲೆ ಬಿಟ್ಟಿದೀಯ. ಇನ್ನೊಂದ್ ಬಕೆಟ್ ತಗೊಂಡ್ ಬಾ.”